ಅದು ಭಕ್ಷೀಸಲ್ಲ, ಸಂಬಳ!

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ನಮ್ಮ ತಾಯಂದಿರಿಗೆ ಅಲ್ಲಿನ ಹೋಟೆಲ್ ಬಿಲ್ಲು ಒಂದು ಒಗಟು. ನಲವತ್ತು ಡಾಲರಿನ ಊಟಕ್ಕೆ ಎಂಟು ಡಾಲರ್ ಟಿಪ್ಸು! "ನಮ್ಮೂರಲ್ಲಿ ಸೋಂಪಿನ ತಟ್ಟೆಗೆ ಹತ್ತು ರೂಪಾಯಿ ಹಾಕಿದ್ರೆ ಆಗ್ತಿತ್ತಲ್ಲೇ" ಎಂದು ಮನಸ್ಸು ಗೊಣಗುತ್ತದೆ.

ಡಲ್ಲಾಸ್, ಹ್ಯೂಸ್ಟನ್‌ಗಳಿರುವ ಟೆಕ್ಸಾಸ್ ರಾಜ್ಯವನ್ನೇ ನೋಡಿ. ಕುಳಿತ ಕೂಡಲೇ ಐಸು ತುಂಬಿದ ನೀರು ಬರುತ್ತದೆ. ತಂದವಳು ತನ್ನ ಹೆಸರು ಹೇಳಿ, ನಕ್ಕು, ಏನು ಬೇಕೆಂದು ಕೇಳುತ್ತಾಳೆ. ಅಲ್ಲಿ ಬಡಿಸುವವರಲ್ಲಿ ಹೆಂಗಸರೇ ಹೆಚ್ಚು. ಉಳಿದ ಕೆಲಸಗಾರರಿಗೆ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಟಿಪ್ಸು ಪಡೆಯುವ ಇವಳಿಗೆ ಮಾಲೀಕ 2.13 ಡಾಲರ್ ಕೊಟ್ಟರೂ ಕಾನೂನಿಗೆ ಸರಿ. 1991ರಿಂದ ಈ 2.13 ಒಂದು ಸೆಂಟೂ ಏರಿಲ್ಲ! ಟಿಪ್ಸು ಸಾಲದಿದ್ದರೆ ಮಾಲೀಕನೇ 7.25ಕ್ಕೆ ಭರ್ತಿ ಮಾಡಬೇಕೆಂಬ ನಿಯಮವೇನೋ ಇದೆ. ಆದರೆ ಕೆಲಸ ಉಳಿಸಿಕೊಳ್ಳಬೇಕಾದವಳು ಲೆಕ್ಕ ಕೇಳುವುದು ಸುಲಭವೇ? ಒರಟು ಮಾತಾಡಿದ ಗಿರಾಕಿಗೂ ನಗುಮುಖವನ್ನೇ ತೋರಿಸಬೇಕು.

ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಹೀಗಿಲ್ಲ. ಪೂರ್ತಿ ಕನಿಷ್ಠ ಕೂಲಿಯನ್ನು ಮಾಲೀಕನೇ ಕೊಡಬೇಕು, ಟಿಪ್ಸು ಅದರ ಮೇಲೆ. ಅಂದಮೇಲೆ ಇದು ಆಗದ ಮಾತೇನಲ್ಲ.

ಕುಳಿತು ಉಂಡಲ್ಲಿ ನೂರಕ್ಕೆ 15ರಿಂದ 20 ಕೊಡುವುದು ರೂಢಿ. ಹೆಚ್ಚು ಜನ ಹೋದಾಗ ಕೆಲವೆಡೆ ಬಿಲ್ಲಿನಲ್ಲೇ ಸೇರಿಸಿರುತ್ತಾರೆ, ಮೊದಲು ನೋಡಿಕೊಳ್ಳಿ. ಕೌಂಟರಿನಲ್ಲಿ ನಾವೇ ತೆಗೆದುಕೊಂಡರೆ ಕೊಡಲೇಬೇಕೆಂದಿಲ್ಲ. ಬಡಿಸಿದವಳಿಗೆ ಅಳಿಯಂದಿರು ಕೊಡುವಾಗ ಮಾತ್ರ, ಡಾಲರನ್ನು ರೂಪಾಯಿಗೆ ಗುಣಿಸಿ ಅವರ ಕೈ ಹಿಡಿಯಬೇಡಿ. ಅದು ಅವಳ ಮನೆಯ ಬಾಡಿಗೆ.