2 ಜಿಬಿಯ ಸಂಸಾರ

ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕೋ ಮುಂಚೆ ಅದಕ್ಕೊಂದು ಭಾನುವಾರ ಕೊಟ್ಟು ನೋಡಿ.

ನಮ್ಮ ಅಕ್ಕನ ಮಗಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರೂಮ್ ಮಾಡಿಕೊಂಡು ಬಿಇ ಓದ್ತಾಳೆ. ನಾನು ಕೊಟ್ಟಿದ್ದ ಲ್ಯಾಪ್‌ಟಾಪ್‌ನಲ್ಲಿ ಇರೋದು 2 ಜಿಬಿ ರ‍್ಯಾಮ್. "ಮಾಮಾ, ಇದು ಚಾಲೂ ಆಗೂದ್ರಾಗ ಚಾ ಕುಡದು ಬರ್ತೀನಿ" ಅಂದಳು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು. ಅಂಗಡಿಯವರು "ಹೊಸಾದು ತಗೋರಿ" ಅಂದರಂತೆ. ಇಳಕಲ್ಲಿನಲ್ಲಿ ಸೀರೆ ನೇಯುವ ಅಪ್ಪನ ಹತ್ತಿರ ಆ ಮಾತು ಎತ್ತೋಕೆ ಅವಳಿಗೆ ಬಾಯಿ ಬಂದಿರಲಿಲ್ಲ.

ಇಬ್ಬರೂ ಕೂತು ಡೆಬಿಯನ್ ಲಿನಕ್ಸ್ ಹಾಕಿದೆವು. ಗ್ನೋಮ್, ಕೆಡಿಇಯಂಥ ದೊಡ್ಡ ಡೆಸ್ಕ್‌ಟಾಪ್ ಬೇಡ ಅಂತ ಬಿಟ್ಟು, ಐ3 ಅನ್ನೋ ವಿಂಡೋ ಮ್ಯಾನೇಜರ್ ಒಂದನ್ನೇ ಇಟ್ಟುಕೊಂಡೆವು. 2009ರಲ್ಲಿ ಮೈಕೆಲ್ ಸ್ಟಾಪೆಲ್‌ಬರ್ಗ್ ಶುರು ಮಾಡಿದ್ದಿದು. ವಿಂಡೋಗಳನ್ನು ಒಂದರ ಮೇಲೊಂದು ಪೇರಿಸದೆ ಪಕ್ಕಪಕ್ಕ ಜೋಡಿಸುತ್ತೆ, ಅಷ್ಟೇ ಅದರ ಕೆಲಸ.

ಲಾಗಿನ್ ಆದ್ರೆ ಖಾಲಿ ಕಪ್ಪು ಪರದೆ. ಐಕಾನ್ ಇಲ್ಲ, ಸ್ಟಾರ್ಟ್ ಬಟನ್ ಇಲ್ಲ. "ಕೆಟ್ಟೋತೇನ್ ಮಾಮಾ?" ಅಂದಳು. ಕೆಟ್ಟಿರಲಿಲ್ಲ. ವಿಂಡೋಸ್ ಕೀ ಜೊತೆ ಎಂಟರ್ ಒತ್ತಿದರೆ ಟರ್ಮಿನಲ್, ಡಿ ಒತ್ತಿದರೆ ಪ್ರೋಗ್ರಾಂಗಳ ಪಟ್ಟಿ, ಅಂಕಿ ಒತ್ತಿದರೆ ಬೇರೆ ವರ್ಕ್‌ಸ್ಪೇಸ್. 1ರಲ್ಲಿ ಬ್ರೌಸರ್, 2ರಲ್ಲಿ ಸಿ ಪ್ರೋಗ್ರಾಂ, 3ರಲ್ಲಿ ನೋಟ್ಸ್ ಅಂತ ಅವಳೇ ಹಂಚಿಕೊಂಡಳು.

ಈ ನಿಯಮಗಳೆಲ್ಲ ಒಂದೇ ಟೆಕ್ಸ್ಟ್ ಫೈಲಿನಲ್ಲಿರ್ತವೆ. ಯಾವ ಕೀಗೆ ಯಾವ ಕೆಲಸ ಅಂತ ಸಾಲುಸಾಲಾಗಿ ಬರೆದಿರುತ್ತೆ. ಬೇಡವಾದ ಸಾಲಿನ ಮುಂದೆ ಹ್ಯಾಶ್ ಹಾಕಿದ್ರೆ ಅದು ಸುಮ್ಮನಾಗುತ್ತೆ. ಲಾಗಿನ್ ಆದ ಕೂಡಲೇ ಕಗಪ ಕೀಬೋರ್ಡ್ ಸಿಗೋ ಹಾಗೆ ಸೆಟ್‌ಎಕ್ಸ್‌ಕೆಬಿಮ್ಯಾಪ್‌ನ ಒಂದು ಸಾಲು ಸೇರಿಸಿದೆವು. ಆಲ್ಟ್-ಶಿಫ್ಟ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್‌ನಲ್ಲೇ ಸಿಕ್ಕವು.

ಪವಾಡ ಏನೂ ಆಗಲಿಲ್ಲ ನೋಡ್ರಿ. ಬ್ರೌಸರ್‌ಗೆ ಈಗಲೂ ಹೊಟ್ಟೆಬಾಕತನ. ಹತ್ತು ಟ್ಯಾಬ್ ತೆರೆದ್ರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ. ಆದ್ರೆ ಲ್ಯಾಬ್ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ, ನೋಟ್ಸ್ ಓದೋಕೆ ಏನೂ ತೊಂದರೆ ಇಲ್ಲ.

"ಮಗ್ಗಕ್ಕ ಹಾಸು ಹೂಡಿದಂಗ ಐತಿ. ಮೊದಲ ಹೊತ್ತು ಹಿಡಿತೈತಿ, ಆಮ್ಯಾಲೆ ಕೈ ತಾನ ಓಡ್ತೈತಿ" ಅಂದಳು.

ಮೊನ್ನೆ ಗೆಳತಿಯ ಹಳೇ ಲ್ಯಾಪ್‌ಟಾಪ್‌ಗೂ ಅದೇ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿಕೊಟ್ಟಿದ್ದಾಳೆ. ನನಗೊಂದು ಫೋನ್ ಕೂಡ ಮಾಡಲಿಲ್ಲ.