36 ಚದರ ಮೈಲಿ, 80 ಜನ

ವೀಟನ್, ಮಿನೆಸೋಟ
ಮಾರ್ಚ್ 12, ಬುಧವಾರ, ಬೆಳಗಿನ ಜಾವ

ಚಿ. ರಾಮುವಿಗೆ ಅಣ್ಣನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಬಾಣಂತಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಅಮ್ಮನಿಗೆ ಇದನ್ನು ಮೊದಲು ಓದಿ ಹೇಳು, ಮಿಕ್ಕದ್ದೆಲ್ಲ ಆಮೇಲೆ. ಮಗು ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಮೂರಕ್ಕೆ ಸರಿಯಾಗಿ ಮನೆಯವರನ್ನೆಲ್ಲ ಎಬ್ಬಿಸುತ್ತೆ. ನಿನ್ನತ್ತಿಗೆ ತೊಡೆ ಮೇಲೆ ಹಾಕಿಕೊಂಡು ತಟ್ಟುತ್ತಾ ಕೂತಿದ್ದಾಳೆ. ನನಗೆ ನಿದ್ದೆ ಹಾರಿಹೋಯಿತು, ಅದಕ್ಕೇ ಬರೆಯೋಕೆ ಕೂತೆ. ಮೊನ್ನೆ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಇನ್ನು ಮೇಲೆ ನೀನು ಫೋನ್ ಮಾಡುವಾಗ ನಿನ್ನ ಟೈಮಿನಲ್ಲಿ ಹತ್ತೂವರೆ ಗಂಟೆ ಕಳಿ, ಹನ್ನೊಂದೂವರೆ ಅಲ್ಲ. ಚಳಿ ಅಂತ ಅಮ್ಮ ಕೊರಗೋದು ಬೇಡ. ಜನವರಿಯ ಚಳಿ ನೋಡಿ ಆಗಿದೆ, ಈಗ ಹಿಮ ಕರಗುತ್ತಾ ಇದೆ. ಈಗಿನ ಗೋಳೆಲ್ಲ ಕೆಸರಿನದು.

ಅಳಿಯಂದಿರು ಇಷ್ಟು ದೂರದ ಮೂಲೆಗೆ ಯಾಕೆ ಬಂದರು ಅಂತ ನೀನು ಕೇಳಿದ್ದೆಯಲ್ಲ, ಕಾರಣ ಇದೆ. ಹೊರದೇಶದಿಂದ ಬಂದು ಇಲ್ಲಿ ತರಬೇತಿ ಮುಗಿಸಿದ ಡಾಕ್ಟರುಗಳಲ್ಲಿ ಬಹಳಷ್ಟು ಜನ ಎರಡು ವರ್ಷ ವಾಪಸ್ ಊರಿಗೆ ಹೋಗಿರಬೇಕು ಅನ್ನೋದು ನಿಯಮ. ಡಾಕ್ಟರು ಸಿಗದ ಹಳ್ಳಿಗಾಡಿನಲ್ಲಿ ಮೂರು ವರ್ಷ ದುಡಿದರೆ ಅದು ಮಾಫಿ. ಹಾಗಾಗಿ ಟ್ರಾವರ್ಸ್ ಕೌಂಟಿ. ವಿಸ್ತೀರ್ಣದಲ್ಲಿ ನಮ್ಮ ಅರಸೀಕೆರೆ ತಾಲ್ಲೂಕಿಗಿಂತ ದೊಡ್ಡದೇ, ಆದರೆ 2020ರ ಜನಗಣತಿ ಪ್ರಕಾರ ಇಡೀ ಕೌಂಟಿಗೆ 3,360 ಜನ! ಮಿನೆಸೋಟದ 87 ಕೌಂಟಿಗಳಲ್ಲಿ ಎಲ್ಲಕ್ಕಿಂತ ಕಡಿಮೆ. ಅದರಲ್ಲಿ ಹತ್ತಿರ ಹತ್ತಿರ ಒಂದೂವರೆ ಸಾವಿರ ಈ ವೀಟನ್ ಊರಲ್ಲೇ ಇದ್ದಾರೆ. ನೋಡೋಕೆ ಏನಿದೆ ಅಂದರೆ ಒಂದು ಭಾರಿ ಬಾತುಕೋಳಿಯ ಬೊಂಬೆ. ಫೋಟೋ ಕಳಿಸಿದ್ದೇನೆ.

ನಿನ್ನೆ ಅಳಿಯಂದಿರಿಗೆ ರಜೆ. ಬ್ರೌನ್ಸ್ ವ್ಯಾಲಿಗೆ ಕರೆದುಕೊಂಡು ಹೋದರು. ಅಲ್ಲಿ ಎರಡು ಸರೋವರಗಳ ನಡುವೆ ಒಂದು ತಗ್ಗು ನೆಲ. ಉತ್ತರದ ಟ್ರಾವರ್ಸ್ ಸರೋವರದ ನೀರು ಹಡ್ಸನ್ ಕೊಲ್ಲಿಗೆ, ದಕ್ಷಿಣದ ಬಿಗ್ ಸ್ಟೋನ್ ಸರೋವರದ ನೀರು ಮಿಸಿಸಿಪ್ಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ. ಹಿಮಯುಗ ಮುಗಿಯುವಾಗ ಅಗಾಸಿ ಅನ್ನೋ ಮಹಾ ಸರೋವರ ಇಲ್ಲಿಂದಲೇ ಕೋಡಿ ಬಿದ್ದು ಹರಿದಿತ್ತಂತೆ. ಜಲವಿಭಜಕ ಅಂದರೆ ನಾನು ಬೆಟ್ಟದ ಸಾಲು ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಲೆವೆಲ್ ಹಿಡಿಯದೆ ಗೊತ್ತೇ ಆಗೋಲ್ಲ. 2007ರ ಮಾರ್ಚಿನಲ್ಲಿ ಪಕ್ಕದ ಹೊಳೆಯಲ್ಲಿ ಐಸು ಕಟ್ಟಿಕೊಂಡು ಊರಿಗೇ ನೀರು ನುಗ್ಗಿತ್ತು.

ವಾಪಸ್ ಬರುವಾಗ ಶುರುವಾಯಿತು ಕಥೆ. ಫೋನಿನ ಮ್ಯಾಪು ಹತ್ತಿರದ ದಾರಿ ಅಂತ ಒಂದು ಮಣ್ಣು ರಸ್ತೆಗೆ ತಿರುಗಿಸಿತು. ಕಣ್ಣು ಮಂಜಾದವರು ಕೂಡ ಓದಬಹುದಾದಷ್ಟು ದಪ್ಪಕ್ಷರದಲ್ಲಿ ಬೋರ್ಡು: ಈ ರಸ್ತೆಗೆ ಕನಿಷ್ಠ ನಿರ್ವಹಣೆ ಮಾತ್ರ, ಹೋಗುವವರು ತಮ್ಮ ಹೊಣೆಯಲ್ಲಿ ಹೋಗಿ. ಫೋನಿನೊಳಗಿನ ಹೆಂಗಸು ಮಾತ್ರ ‘ನೇರ ಹೋಗಿ, ನೇರ ಹೋಗಿ’ ಅಂತ ಒಂದೇ ರಾಗ. ಮೇಲೆ ಒಂದು ಗೇಣು ಕೆಸರು, ಅದರ ಕೆಳಗೆ ಇನ್ನೂ ಕಲ್ಲಿನ ಹಾಗೆ ಹೆಪ್ಪುಗಟ್ಟಿದ ನೆಲ. ನೀರು ಇಂಗೋಕೆ ಜಾಗವೇ ಇಲ್ಲ. ಅರ್ಧ ಮೈಲಿ ಹೋಗೋದರೊಳಗೆ ಕಾರು ಅಚ್ಚಿನವರೆಗೂ ಹೂತುಕೊಂಡಿತು. ಅಳಿಯಂದಿರು ಒಳ್ಳೆ ಡಾಕ್ಟರು ಇರಬಹುದು, ಕಾರು ಕೆಸರಿಂದ ಎತ್ತೋ ವಿದ್ಯೆ ಕಲಿತಿಲ್ಲ. ಚಕ್ರ ತಿರುಗಿಸಿದಷ್ಟೂ ಇಳಿಯಿತು. ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದರೆ ಒಂದು ನರಪಿಳ್ಳೆ ಇಲ್ಲ. ಅಲ್ಲೊಂದು ಇಲ್ಲೊಂದು ಮರಗಳ ಗುಂಪು. ಅದರೊಳಗೆ ಮನೆ ಇರುತ್ತೆ ಅಂದುಕೊಂಡು ಒಂದರ ಕಡೆಗೆ ನಡೆದೆ. ಹೋಗಿ ನೋಡಿದರೆ ಬರೀ ಮರ. ಗಾಳಿಗೆ ಅಡ್ಡವಾಗಿ ಮೂರು ಸಾಲು ನೆಟ್ಟಿದ್ದಾರೆ, ನಡುವೆ ಒಂದು ಮುರುಕಲು ಗಾಳಿಯಂತ್ರದ ಕಂಬ, ಮನೆಯ ಪಾಯದ ಕಲ್ಲು. ಮನೆ ಯಾವತ್ತೋ ಹೋಗಿದೆ.

ವಾಪಸ್ ಕಾರಿನ ಹತ್ತಿರ ಬರೋ ಹೊತ್ತಿಗೆ ಒಂದು ದೊಡ್ಡ ಹಸಿರು ಟ್ರ್ಯಾಕ್ಟರು ಬರುತ್ತಾ ಇತ್ತು. ಎಪ್ಪತ್ತು ದಾಟಿದ ಮುದುಕ, ನನ್ನ ವಯಸ್ಸಿನವನೇ. ನಾವು ಕರೆದಿರಲಿಲ್ಲ, ಫೋನ್ ಮಾಡಿರಲಿಲ್ಲ. ಈ ಬಯಲಿನಲ್ಲಿ ಎರಡು ಮೈಲಿ ಆಚೆ ಕಾರು ನಿಂತರೂ ಅಡುಗೆಮನೆ ಕಿಟಕಿಯಿಂದ ಕಾಣುತ್ತಂತೆ. ‘ಹತ್ತು ನಿಮಿಷ ನೋಡಿದೆ, ಅಲ್ಲಾಡಲಿಲ್ಲ, ಬಂದೆ’ ಅಂದ. ಸರಪಳಿ ಹಾಕಿ ಒಂದೇ ಎಳೆತಕ್ಕೆ ಕಾರನ್ನು ಗಟ್ಟಿ ನೆಲಕ್ಕೆ ತಂದ. ಅಳಿಯಂದಿರು ಪರ್ಸು ತೆಗೆದದ್ದಕ್ಕೆ ಮುಖ ಆಚೆ ತಿರುಗಿಸಿಕೊಂಡು, ‘ಮೊದಲು ಆ ಬೂಟು ಒಣಗಿಸಿಕೊಳ್ಳಿ, ಮನೆಗೆ ಬನ್ನಿ’ ಅಂತ ಮುಂದೆ ಹೊರಟ.

ರಾಮು, ಆ ಮನೆಯ ಊಟ ನಿನಗೆ ಹೇಳಲೇಬೇಕು. ನಾವು ಮಾಂಸ ಮೊಟ್ಟೆ ತಿನ್ನೋಲ್ಲ ಅಂತ ಅಳಿಯಂದಿರು ಸಂಕೋಚದಲ್ಲಿ ಹೇಳಿದರು. ಆಯಮ್ಮ ಒಂದು ನಿಮಿಷ ಯೋಚನೆ ಮಾಡಿ ಫ್ರೀಜರಿನಿಂದ ಒಂದು ಕಟ್ಟು ತೆಗೆದರು. ಲೆಫ್ಸ ಅಂತ. ಇವರ ಹಿರಿಯರು ನಾರ್ವೆಯಿಂದ ಬರುವಾಗ ತಂದ ಅಡುಗೆ. ಬೇಯಿಸಿದ ಆಲೂಗೆಡ್ಡೆ ಹಿಸುಕಿ, ಬೆಣ್ಣೆ, ಕೆನೆ, ಹಿಟ್ಟು ಕಲಸಿ, ಗೀರು ಗೀರು ಇರೋ ಲಟ್ಟಣಿಗೆಯಲ್ಲಿ ಕಾಗದದ ಹಾಗೆ ತೆಳ್ಳಗೆ ಲಟ್ಟಿಸಿ, ದೊಡ್ಡ ದುಂಡು ಕಾವಲಿ ಮೇಲೆ ಬೇಯಿಸೋದು. ಮಗುಚೋಕೆ ಒಂದು ಉದ್ದನೆಯ ಚಪ್ಪಟೆ ಕೋಲು. ಆ ಕೋಲನ್ನು ಗೋಡೆಗೆ ನೇತುಹಾಕಿದ್ದರು, ಅವರ ಅಜ್ಜಿಯದಂತೆ. ಕ್ರಿಸ್‌ಮಸ್‌ಗೆ ಮಾಡಿ ಉಳಿದದ್ದು. ಕಾವಲಿ ಮೇಲೆ ಬಿಸಿ ಮಾಡಿ, ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುತ್ತಿ ಕೊಟ್ಟರು. ನಾನು ನಾಲ್ಕು ತಿಂದೆ. ಇನ್ನೊಂದು, ಇನ್ನೊಂದು ಅಂತ ಹಾಕುತ್ತಾ ಹೋದರು, ಸಾಕು ಅಂದರೂ ಬಿಡಲಿಲ್ಲ. ಬಾಣಂತಿಗೆ ಅಂತ ಒಂದು ಕಟ್ಟು ಬೇರೆ ಕೊಟ್ಟು ಕಳಿಸಿದರು. ನಿನ್ನತ್ತಿಗೆ ಮೂಸಿ ನೋಡಿ, ಆಲೂಗೆಡ್ಡೆ ವಾಯು, ಬಾಣಂತಿಗೆ ಬೇಡ ಅಂತ ತಾನೇ ಎರಡು ತಿಂದಳು.

(ಬಾಣಂತಿ ಅಂದಾಗ ನೆನಪಾಯಿತು. ಅಂಟಿನ ಉಂಡೆಗೆ ಒಳ್ಳೆ ಅಂಟು ಇಲ್ಲಿ ಸಿಗೋಲ್ಲ. ಗಿರಿಜಕ್ಕನ ಮಗ ಏಪ್ರಿಲ್‌ನಲ್ಲಿ ಬರ್ತಾನಂತಲ್ಲ, ಅರ್ಧ ಕೆ.ಜಿ. ಅಂಟು, ಒಂದು ಪೊಟ್ಟಣ ಒಣ ಬೇವಿನ ಹೂವು ಅವನ ಕೈಲಿ ಕಳಿಸು. ಯುಗಾದಿಗಂತೂ ಆಗೋಲ್ಲ, ಮುಂದಿನ ವರ್ಷಕ್ಕಾದರೂ ಆಗುತ್ತೆ.)

ನೀನು ಏನು ಕೆಲಸ ಮಾಡ್ತಿದ್ದೆ ಅಂತ ಮುದುಕ ಕೇಳಿದ. ಭೂಮಾಪನ ಇಲಾಖೆ ಅಂದೆ. ತಕ್ಷಣ ಎದ್ದು ಒಂದು ನಕ್ಷೆ ಪುಸ್ತಕ ತಂದ. ಟೌನ್‌ಶಿಪ್ಪಿಗೊಂದು ಹಾಳೆ, ಅದರಲ್ಲಿ ಯಾವ ತುಂಡು ಯಾರದು ಅಂತ ಹೆಸರು. ನಾನು ಮೂವತ್ತು ವರ್ಷ ಸರಪಳಿ ಎಳೆದವನು, ಇಂಥ ನಕ್ಷೆ ನೋಡಿರಲಿಲ್ಲ. ಓರೆ ಇಲ್ಲ, ಕೊಕ್ಕೆ ಇಲ್ಲ, ಹಳ್ಳದ ಬದು ಇಲ್ಲ. 1785ರಲ್ಲಿ ಇವರು ಕಾನೂನು ಮಾಡಿ ನಕ್ಷತ್ರ ನೋಡಿ ಗೆರೆ ಎಳೆಯೋಕೆ ಶುರುಮಾಡಿದರು. ಆರು ಮೈಲಿಗೆ ಆರು ಮೈಲಿ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್, ಒಂದೊಂದು 640 ಎಕರೆ. ನಂಬರು ಈಶಾನ್ಯ ಮೂಲೆಯಿಂದ ಹೊರಟು ಪಶ್ಚಿಮಕ್ಕೆ ಆರು, ಕೆಳಗಿಳಿದು ಪೂರ್ವಕ್ಕೆ ಆರು, ಹೀಗೇ ತಿರುಗಿ ತಿರುಗಿ ಆಗ್ನೇಯ ಮೂಲೆಯಲ್ಲಿ 36ಕ್ಕೆ ಮುಗಿಯುತ್ತೆ. 16 ಮತ್ತು 36 ಶಾಲೆಯ ಖರ್ಚಿಗೆ ಅಂತ ಮೀಸಲು. ಭೂಮಿ ದುಂಡಗಿರೋದರಿಂದ ಉತ್ತರಕ್ಕೆ ಹೋದಷ್ಟೂ ಗೆರೆಗಳು ಹತ್ತಿರ ಬರುತ್ತವಲ್ಲ, ಆ ವ್ಯತ್ಯಾಸವನ್ನೆಲ್ಲ ಉತ್ತರ ಮತ್ತು ಪಶ್ಚಿಮದ ಅಂಚಿನ ಸೆಕ್ಷನ್‌ಗಳಿಗೆ ತಳ್ಳಿದ್ದಾರೆ. ನಮ್ಮ ಆಕಾರಬಂದಿನಲ್ಲಿ ಖರಾಬು ತೋರಿಸಿ ಕೈ ತೊಳೆದುಕೊಳ್ಳೋರು ಇದನ್ನ ನೋಡಬೇಕು.

ಇನ್ನೊಂದು ಕೇಳು. ಇವರ ಸರಪಳಿ 66 ಅಡಿ, ಇಂಗ್ಲೆಂಡಿನ ಗಂಟರ್ ಮಾಡಿದ್ದು. ನಮ್ಮದು ಅದರ ಅರ್ಧ, 33 ಅಡಿ, 16 ಆಣೆ. 33ಕ್ಕೆ 33 ಒಂದು ಗುಂಟೆ. ಇಲ್ಲಿ ಸೆಕ್ಷನ್ ಗೆರೆ ಮೇಲೇ ರಸ್ತೆ, ಅಗಲ 66 ಅಡಿ, ಆಚೆಯವನ ಹೊಲದಿಂದ 33, ಈಚೆಯವನ ಹೊಲದಿಂದ 33. ಮುದುಕ ನನ್ನನ್ನು ಮನೆ ಮುಂದಿನ ಕೂಡುರಸ್ತೆಗೆ ಕರೆದುಕೊಂಡು ಹೋಗಿ ಬೂಟಿನ ತುದಿಯಲ್ಲಿ ಜಲ್ಲಿ ಸರಿಸಿದ. ಸರಿಯಾಗಿ ನಡುಮಧ್ಯ, ಆ ಜಲ್ಲಿ ಕೆಳಗೆ ಮೂಲೆಯ ಗುರುತು ಇದೆ, ಕಬ್ಬಿಣದ ಗೂಟ. ಮೊದಲು ಅಳೆದವರಿಗೆ ಇಲ್ಲಿ ಕಲ್ಲೂ ಸಿಗಲಿಲ್ಲ, ಮರವೂ ಸಿಗಲಿಲ್ಲ, ಬರೀ ಹುಲ್ಲು. ಗುಂಡಿ ತೋಡಿ, ಆ ಮಣ್ಣು ಗುಡ್ಡೆ ಮಾಡಿ ಗೂಟ ನೆಟ್ಟು ಹೋದರು. ನಾನು ಅಲ್ಲಿಂದ ರಸ್ತೆಯ ಅಂಚಿನ ತಂತಿಬೇಲಿಗೆ ಹೆಜ್ಜೆ ಹಾಕಿದೆ. ನಮ್ಮ ಒಂದು ಸರಪಳಿ, ಒಂದು ಅಡಿ ಆಚೀಚೆ. ಮುದುಕನಿಗೆ ಖುಷಿಯೋ ಖುಷಿ.

ಗೆರೆ ಎಳೆಯೋ ಮೊದಲು ಇದು ಡಕೋಟ ಜನರ ನೆಲ. 1851ರ ಒಪ್ಪಂದದಲ್ಲಿ ಬಹುಪಾಲು ಕೈಬಿಟ್ಟಿತು, 1862ರ ಯುದ್ಧದ ಮೇಲೆ ಅವರನ್ನು ಮಿನೆಸೋಟದಿಂದಲೇ ಅಟ್ಟಿದರು. ಅದೇ 1862ರಲ್ಲಿ ಹೋಮ್‌ಸ್ಟೆಡ್ ಕಾಯ್ದೆ ಬಂತು, ಐದು ವರ್ಷ ಇದ್ದು ಉತ್ತರೆ 160 ಎಕರೆ ನಿನ್ನದು ಅಂತ. ಈಗ ಟ್ರಾವರ್ಸ್ ಸರೋವರದ ಆಚೆ ದಡದಲ್ಲಿ ಡಕೋಟದವರ ಮೀಸಲು ಪ್ರದೇಶ ಇದೆ. ಈಚೆ ಕಡೆಯ ಕೆಲವು ಟೌನ್‌ಶಿಪ್‌ಗಳಿಗೆ ಐರ್ಲೆಂಡಿನವರು ಬಂದು ಪಾರ್ನೆಲ್, ಕ್ರೋಕ್, ತಾರಾ ಅಂತ ತಮ್ಮ ದೇಶದ ಹೆಸರಿಟ್ಟರು. ನಮ್ಮ ಸರ್ವೆ ಕಲ್ಲಿಗೂ ಒಂದು ಹಿಂದಿನ ಕಥೆ ಇದ್ದೇ ಇರುತ್ತೆ, ಟಿಪ್ಪಣಿಯಲ್ಲಿ ಅದು ಬರೆದಿರೋಲ್ಲ ಅಷ್ಟೆ.

ಹೊರಡೋ ಹೊತ್ತಿಗೆ ಮುದುಕ, ‘ಇವತ್ತು ಸಂಜೆ ನಮ್ಮ ಮೀಟಿಂಗು, ಬಾ’ ಅಂದ. ಟೌನ್‌ಶಿಪ್ ಅಂದರೆ ಬರೀ ಅಳತೆಯ ಚೌಕ ಅಲ್ಲ, ನಮ್ಮ ಪಂಚಾಯಿತಿ ಇದ್ದ ಹಾಗೆ. ಮಾರ್ಚ್ ತಿಂಗಳ ಎರಡನೇ ಮಂಗಳವಾರ ಮಿನೆಸೋಟದ ಎಲ್ಲ ಟೌನ್‌ಶಿಪ್ಪಿಗೂ ವಾರ್ಷಿಕ ಸಭೆ. ಅಳಿಯಂದಿರಿಗೆ ಮನಸ್ಸಿರಲಿಲ್ಲ, ನಾನು ಬಿಡಲಿಲ್ಲ. ಒಂದೇ ಕೋಣೆ, ಮಡಿಸೋ ಕುರ್ಚಿಗಳು, ಹಿಂದೆ ಕಾಫಿ ಡ್ರಮ್ಮು. ಬಂದವರು ಒಂದು ಡಜನ್ ಇರಬಹುದು. ಈ ಟೌನ್‌ಶಿಪ್ಪಿಗೆ ಅದು ಕಡಿಮೆ ಏನಲ್ಲ. ಲೆಕ್ಕ ಹಾಕಿ ನೋಡು, ಕೌಂಟಿಯ ಜನದಲ್ಲಿ ನಾಲ್ಕು ಊರುಗಳವರನ್ನು ಕಳೆದರೆ ಉಳಿಯೋದು ಸುಮಾರು 1,200, ಟೌನ್‌ಶಿಪ್‌ಗಳು 15. ಸರಾಸರಿ 80 ಜನ. 36 ಚದರ ಮೈಲಿಗೆ! ಒಂದು ಕಾಲಕ್ಕೆ ಕೌಂಟಿಯಲ್ಲಿ 8 ಸಾವಿರ ಜನ ಇದ್ದರು. ಯಂತ್ರ ದೊಡ್ಡದಾಯಿತು, ಹೊಲ ದೊಡ್ಡದಾಯಿತು, 160 ಎಕರೆಯಲ್ಲಿ ಒಂದು ಸಂಸಾರ ನಡೆಯೋ ಕಾಲ ಹೋಯಿತು. ಮುಸುಕಿನ ಜೋಳ, ಸೋಯಾ, ಗೋಧಿ, ಸಕ್ಕರೆ ಬೀಟು ಎಲ್ಲ ಬೆಳೆಯುತ್ತೆ, ಬೆಳೆಯೋಕೆ ಜನ ಮಾತ್ರ ಬೇಕಾಗಿಲ್ಲ.

ಸಭೆಯಲ್ಲಿ ಮೊದಲು ಅಧ್ಯಕ್ಷತೆಗೆ ಒಬ್ಬರನ್ನು ಆರಿಸಿದರು, ಗುಮಾಸ್ತೆ ಹೋದ ವರ್ಷದ ನಡಾವಳಿ, ಖರ್ಚು ಓದಿದರು. ಆಮೇಲೆ ರಸ್ತೆ. ಜಲ್ಲಿ ಎಷ್ಟು, ಹಿಮ ತಳ್ಳೋಕೆ ಯಾರಿಗೆ ಕೊಡೋದು, ಮೋರಿ ಯಾವುದು ಕುಸಿದಿದೆ, ಮುಳ್ಳು ಕಳೆ ಯಾರ ಹೊಲದಂಚಲ್ಲಿ ಬಿಟ್ಟಿದ್ದಾರೆ. ಕೊನೆಗೆ ತಮ್ಮ ಮೇಲೆ ತಾವೇ ಎಷ್ಟು ತೆರಿಗೆ ಹಾಕಿಕೊಳ್ಳಬೇಕು ಅಂತ ಕೈ ಎತ್ತಿ ತೀರ್ಮಾನ ಮಾಡಿದರು. ಕೂತಿದ್ದವರೇ ಕಟ್ಟೋರು, ಕಟ್ಟಿದ ದುಡ್ಡು ಎಲ್ಲಿ ಹೋಯಿತು ಅಂತ ಮಾರನೇ ದಿನ ಕಾರು ಓಡಿಸಿಕೊಂಡೇ ನೋಡಬಹುದು.

ಜಗಳ ಆದದ್ದು ಒಂದೇ ವಿಷಯಕ್ಕೆ. ಒಂದು ಮೈಲಿ ರಸ್ತೆ, ಅದರ ಮೇಲಿದ್ದ ಕಡೇ ಮನೆಯವರು ಹೋದ ಚಳಿಗಾಲದಲ್ಲಿ ಊರಿಗೆ ಹೋಗಿಬಿಟ್ಟರು. ಅದಕ್ಕೂ ನಾವು ಹೂತುಕೊಂಡ ರಸ್ತೆಯ ಬೋರ್ಡೇ ಹಾಕಿಬಿಡೋಣ, ಯಾರಿಗೋಸ್ಕರ ಜಲ್ಲಿ ಸುರಿಯೋದು ಅಂತ ಒಬ್ಬ ಯುವಕ. ವಯಸ್ಸಾದ ಹೆಂಗಸೊಬ್ಬರು, ‘ಬೋರ್ಡು ಹಾಕಿದ ಮೇಲೆ ಅಲ್ಲಿ ಮನೆ ಕಟ್ಟೋಕೆ ಯಾರು ಬರ್ತಾರೆ ಹೇಳು’ ಅಂದರು. ಯಾರೂ ಉತ್ತರ ಕೊಡಲಿಲ್ಲ. ತೀರ್ಮಾನವನ್ನು ಟೌನ್‌ಶಿಪ್ ಆಡಳಿತ ಮಂಡಳಿಯ ಮೂವರಿಗೆ ಬಿಟ್ಟು ಕಾಫಿಗೆ ಎದ್ದರು. ನನಗೆ ಯುವಕನ ಲೆಕ್ಕ ಸರಿ ಅನ್ನಿಸಿತು, ಆದರೆ ಮತ ಇದ್ದಿದ್ದರೆ ಹೆಂಗಸಿಗೇ ಹಾಕುತ್ತಿದ್ದೆ. ಗೆರೆ ಎಳೆಯೋದು ಸುಲಭ, ಆ ಗೆರೆ ಮೇಲೆ ಜನ ಇರೋ ಹಾಗೆ ನೋಡಿಕೊಳ್ಳೋದು ಸರ್ವೆ ಇಲಾಖೆಯಿಂದ ಆಗೋ ಕೆಲಸ ಅಲ್ಲ. ಕಾಫಿ ಕುಡಿಯುವಾಗ ನಿಮ್ಮ ತಾಲ್ಲೂಕಲ್ಲಿ ಎಷ್ಟು ಜನ ಅಂತ ಕೇಳಿದರು. ಮೂರು ಲಕ್ಷ ಅಂದೆ. ಮೂರು ಸಾವಿರವಾ ಅಂತ ಮತ್ತೆ ಕೇಳಿದರು.

ಸರಿ, ನಮ್ಮ ಜಮೀನಿನ ಪೋಡಿ ವಿಷಯ. ಮೋಜಣಿಗೆ ದಿನ ಗೊತ್ತಾದರೆ ನೀನು ಖುದ್ದು ಅಲ್ಲಿರು, ಮಂಜನನ್ನು ಕಳಿಸಿ ಸುಮ್ಮನಾಗಬೇಡ. ಈಶಾನ್ಯ ಮೂಲೆಯ ಬಾಂದು ಕಲ್ಲು ಹುಣಸೇಮರದ ಬುಡದಲ್ಲಿ ಮಣ್ಣು ಮುಚ್ಚಿಕೊಂಡಿರುತ್ತೆ, ಗುದ್ದಲಿ ತೆಗೆದುಕೊಂಡು ಹೋಗು. ಪಕ್ಕದ ಹೊಲದವರನ್ನೂ ಕರೆಸಿ ಅವರ ಎದುರೇ ಅಳೆಸು. ಕೊಬ್ಬರಿ ಈಗಲೇ ಎಲ್ಲ ಮಾರಬೇಡ, ಅರ್ಧ ಇಟ್ಟುಕೋ. ಅಮ್ಮನ ಬಿಪಿ ಮಾತ್ರೆ ತೀರೋ ಮುಂಚೆ ತಾ. ಮಗು ಮತ್ತೆ ಶುರುಮಾಡಿತು, ನಿನ್ನತ್ತಿಗೆ ಕೂಗುತ್ತಿದ್ದಾಳೆ. ಒಂದು ಮುಖ್ಯವಾದದ್ದು, ಹಳೇ ಟಿಪ್ಪಣಿಯ ನಕಲು ನನ್ನ ಬೀರುವಿನ ಮೇಲಿನ ಅರೆಯಲ್ಲಿದೆ, ಅದರಲ್ಲಿ ಪೂರ್ವದ ಬದಿ 7 ಸರಪಳಿ 4 ಆಣೆ ಅಂತ ಇದ್ದರೆ ಯೋಚನೆ ಇಲ್ಲ, ಹಾಗಿಲ್ಲದೆ ಏನಾದರೂ