ಕಾರು ಮಾರಿದೆ, ಒಂದು ಮಾತು ಉಳಿಸಿಕೊಂಡೆ

ನಮ್ಮ ಮನೆಯ ಕಾರಿಗೆ ಹೆಸರಿಟ್ಟವಳು ಮೊಮ್ಮಗಳು. ಬೆಳ್ಳಿ ಬಣ್ಣದ ಮಾರುತಿ 800 ಅದು, ಹಾಗಾಗಿ ‘ಬೆಳ್ಳಿ’. ಶಿವಮೊಗ್ಗದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, 2005ರಲ್ಲಿ, ಸಾಲ ಮಾಡಿ ಕೊಂಡಿದ್ದೆ. ಮಗಳ ಮದುವೆಯ ಓಡಾಟ, ಶೃಂಗೇರಿ ಯಾತ್ರೆ, ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು, ಎಲ್ಲವೂ ಅದರಲ್ಲೇ.

ಮಕ್ಕಳೇ, ನಿಮ್ಮಲ್ಲಿ ಹಲವರು ಈ ಕಾರನ್ನು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಅಜ್ಜ ಅಜ್ಜಿಯನ್ನು ಕೇಳಿ, ಕಥೆ ಕಥೆ ಹೇಳುತ್ತಾರೆ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈ ಕೊಟ್ಟರು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನಿನ ಈ ಪುಟ್ಟ ಗಾಡಿ, ಸ್ಕೂಟರಿನಲ್ಲಿ ನಾಲ್ವರು ಕೂತು ಹೋಗುತ್ತಿದ್ದ ಎಷ್ಟೋ ಸಂಸಾರಗಳ ತಲೆಯ ಮೇಲೊಂದು ಸೂರು ಕಟ್ಟಿತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು.

2022ರ ಹೊತ್ತಿಗೆ ನನ್ನ ಮಂಡಿಯೂ ಹಿಡಿದುಕೊಂಡಿತ್ತು, ಬೆಳ್ಳಿಗೂ ವಯಸ್ಸಾಗಿತ್ತು. ಮುಖ್ಯವಾಗಿ ಅದಕ್ಕೊಂದು ಕಾಯಿಲೆ ಇತ್ತು. ಊರೊಳಗೆ ಸಮತಟ್ಟು ರಸ್ತೆಯಲ್ಲಿ ಹೂವಿನ ಹಾಗೆ ಓಡುತ್ತಿತ್ತು. ಏರು ಸಿಕ್ಕರೆ ಮಾತ್ರ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಅದನ್ನು ನೋಡುವ ಕೆಲಸ ಮೊಮ್ಮಗಳದ್ದು. ಹಿಂದಿನ ಸೀಟಿನಿಂದ ಕತ್ತು ಚಾಚಿ, “ಅಜ್ಜ, ಅರ್ಧ ದಾಟ್ತು!” ಎಂದು ಕೂಗುತ್ತಿದ್ದಳು. ನಾನು ಬದಿಗೆ ನಿಲ್ಲಿಸುತ್ತಿದ್ದೆ. ಎಂಜಿನ್ ಆರುವವರೆಗೆ ಕಾದು, ರೇಡಿಯೇಟರಿಗೆ ನೀರು ಹಾಕಿ ಮುಂದೆ ಹೋಗುತ್ತಿದ್ದೆವು. ಬಿಸಿಯಿದ್ದಾಗ ಅದರ ಮುಚ್ಚಳ ತೆಗೆಯಬಾರದು. ಒಳಗೆ ಕುಕ್ಕರಿನಂತೆ ಒತ್ತಡವಿರುತ್ತದೆ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಇದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಜುಲೈನಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಯುವಕ ಕಾರು ನೋಡಲು ಬಂದ. ಅಡಿಕೆ ಕೆಲಸ ಮಾಡುವವನು. ಅಮ್ಮನಿಗೆ ಸಂಧಿವಾತ, ಬಸ್ಸು ಹತ್ತಲಾಗುವುದಿಲ್ಲ, ಅದಕ್ಕೇ ಕಾರು ಬೇಕು ಎಂದ. ನಾನು ಸವಳಂಗ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಲು ಕೊಟ್ಟೆ. ಏರಿಲ್ಲದ ದಾರಿಯನ್ನೇ ತೋರಿಸಿದೆ ಎಂಬುದು ಈಗ ನೆನಪಾಗುತ್ತದೆ. ತಿರುಗಿ ಬಂದು ಜಗಲಿಯಲ್ಲಿ ಕೂತು ಕೇಳಿದ:

“ಸಾರ್, ಏನಾದ್ರೂ ತೊಂದರೆ ಇದೆಯಾ?”

“ಹದಿನೇಳು ವರ್ಷ ಆಯ್ತು ತಮ್ಮಾ, ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿಲ್ಲ” ಎಂದೆ.

ಸುಳ್ಳಲ್ಲ. ಒಂದೊಂದು ಅಕ್ಷರವೂ ನಿಜ. ಬಾಗಿಲ ಬಳಿ ನಿಂತಿದ್ದ ಮೊಮ್ಮಗಳು “ಅಜ್ಜ, ಆ ಮುಳ್ಳು...” ಎಂದು ಬಾಯಿ ತೆಗೆದಳು. “ಹೋಗಮ್ಮಾ, ಅವರಿಗೆ ಕುಡಿಯೋಕೆ ನೀರು ತಗೊಂಡು ಬಾ” ಎಂದೆ. ಅವಳು ಬರುವಷ್ಟರಲ್ಲಿ 52,000 ರೂಪಾಯಿಗೆ ಮಾತು ಮುಗಿದಿತ್ತು. ‘ಇದ್ದ ಸ್ಥಿತಿಯಲ್ಲೇ ಒಪ್ಪಿ ಕೊಂಡಿದ್ದೇನೆ’ ಎಂದು ಅವನಿಂದ ಬರೆಸಿಕೊಂಡೆ. ವರ್ಗಾವಣೆಯ ಫಾರಂಗಳಿಗೆ ನಾನೂ ಸಹಿ ಹಾಕಿ, ಎಲ್ಲ ಕಾಗದಗಳನ್ನೂ ಅವನ ಕೈಗಿಟ್ಟು ಕಳಿಸಿದೆ.

ಇಪ್ಪತ್ತು ದಿನ ಕಳೆದಿತ್ತು. ರಾತ್ರಿ ಊಟಕ್ಕೆ ಕೂತಾಗ ಫೋನ್ ಬಂತು.

“ಸಾರ್, ಗಾಡಿ ಆಗುಂಬೆ ಘಾಟಿಯಲ್ಲಿ ನಿಂತುಹೋಯ್ತು. ಮಣಿಪಾಲದ ಆಸ್ಪತ್ರೆಗೆ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ವಾಪಸ್ ಬರೋವಾಗ ಹೊಗೆ ಎದ್ದುಬಿಡ್ತು. ಎರಡು ಗಂಟೆ ಮಳೆಯಲ್ಲಿ, ತಿರುವಿನಲ್ಲಿ ಕೂತಿದ್ವಿ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹದಿನಾಲ್ಕು ಸಾವಿರ ಆಗತ್ತೆ ಅಂತಾರೆ. ಇದು ಹಳೇ ಕಾಯಿಲೆ ಅಂದ್ರು ಮೆಕ್ಯಾನಿಕ್. ಅರ್ಧ ನೀವು ಕೊಡಬೇಕು.”

ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಇರುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್. ಎಂಜಿನ್ ಮತ್ತೆ ಮತ್ತೆ ಅತಿಯಾಗಿ ಕಾದರೆ ಅದು ಹಾಳಾಗುತ್ತದೆ. ಮೆಕ್ಯಾನಿಕ್ ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಬಾಯಿಂದ ಬಂದದ್ದು ಬೇರೆ.

“ಕೊಳ್ಳುವಾಗ ಕಣ್ಣು ಬಿಟ್ಟು ನೋಡಬೇಕಿತ್ತಪ್ಪ. ಬರೆದುಕೊಟ್ಟಿದ್ದೀಯಲ್ಲ!”

“ಕಣ್ಣಿಗೆ ಕಾಣೋದಾಗಿದ್ರೆ ನೋಡ್ತಿದ್ದೆ ಸಾರ್” ಎಂದು ಅವನು ಫೋನ್ ಇಟ್ಟ.

ಮರುದಿನ ನನಗೊಂದು ಅಸ್ತ್ರ ಸಿಕ್ಕಿತು. ಬೆಳ್ಳಿಯ ನಂಬರಿಗೆ ಸೀಟ್ ಬೆಲ್ಟ್ ಹಾಕದ ದಂಡ ಬಿದ್ದಿದೆಯೆಂದು ನನ್ನ ಮೊಬೈಲಿಗೆ ಸಂದೇಶ ಬಂತು. ಅಂದರೆ ಅವನು ಕಾರನ್ನು ಇನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ಗೆದ್ದೆ ಎಂದುಕೊಂಡು ಪಕ್ಕದ ಮನೆಯ ವಕೀಲರ ಬಳಿ ಓಡಿದೆ. ಅವರು ಎಲ್ಲ ಕೇಳಿ, ಎರಡೇ ಪ್ರಶ್ನೆ ಹಾಕಿದರು.

“ಮಾರಿದ ವಿಷಯ ಆರ್‌ಟಿಒಗೆ ತಿಳಿಸಿದ್ರಾ? ಫಾರಂ 29? ಮಾರಿದವರು 14 ದಿನದೊಳಗೆ ತಿಳಿಸಬೇಕು. ಕೊಂಡವರಿಗೆ 30 ದಿನ ಇದೆ. ಅವರಿಗಿನ್ನೂ ಸಮಯವಿದೆ. ತಪ್ಪಿದವರು ನೀವು. ಸೀಟ್ ಬೆಲ್ಟ್ ಬಿಡಿ, ಅಪಘಾತ ಆಗಿದ್ದರೆ? ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.”

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಿಜಿಸ್ಟರ್ಡ್ ಪೋಸ್ಟಿನ ಕಿಟಕಿಯಲ್ಲಿ ಕೂತವನು ನಾನು. ಸಹಿಯಿಲ್ಲದೆ ಒಂದು ಲಕೋಟೆಯನ್ನೂ ಕೊಟ್ಟವನಲ್ಲ. ನನ್ನದೇ ಕಾರಿನ ಕಾಗದಗಳ ಜೆರಾಕ್ಸ್ ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ.

“ಎರಡನೇ ಪ್ರಶ್ನೆ. ನೋಡಿದರೆ ಕಾಣುವ ದೋಷ ಬೇರೆ, ಗೊತ್ತಿದ್ದೂ ಮುಚ್ಚಿಟ್ಟದ್ದು ಬೇರೆ. ನಿಮಗೆ ಗೊತ್ತಿತ್ತಾ?”

“ಆಮೇಲೆ ಬರ್ತೀನಿ, ಮನೆಯಲ್ಲಿ ಸ್ವಲ್ಪ ಕೆಲಸ ಇದೆ” ಎಂದು ಎದ್ದು ಬಂದೆ.

ಮನೆಯಲ್ಲಿ ಮೊಮ್ಮಗಳು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ತಲೆಯೆತ್ತದೆಯೇ ಕೇಳಿದಳು: “ಅಜ್ಜ, ಅವತ್ತು ನನ್ನನ್ನ ನೀರು ತರೋಕೆ ಯಾಕೆ ಕಳಿಸಿದ್ರಿ? ಅವರು ನೀರು ಕೇಳೇ ಇರ್ಲಿಲ್ಲ.”

ವಕೀಲರಿಂದ ತಪ್ಪಿಸಿಕೊಂಡು ಬಂದಿದ್ದೆ. ಇವಳಿಂದ ಎಲ್ಲಿಗೆ ಹೋಗಲಿ?

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನ ಅಪ್ಪ ಹಸು ಮಾರಿದ್ದು ನೆನಪಾಯಿತು. ಕೊಳ್ಳುವವರು ದುಡ್ಡು ಎಣಿಸುತ್ತಿದ್ದಾಗ ಅಪ್ಪ, “ಸ್ವಲ್ಪ ತಡೀರಿ. ಹಿಂದಿನ ಎಡಗಡೆ ಮೊಲೆಯಲ್ಲಿ ಹಾಲಿಲ್ಲ. ಕರು ಬಿಡದಿದ್ರೆ ಒದೀತಾಳೆ” ಎಂದಿದ್ದರು. ಬೆಲೆ ಇಳಿಯಿತು. ಅಮ್ಮ ಒಳಗೆ ಗೊಣಗಿದಳು. ಅಪ್ಪ ಮಾತ್ರ ಉಂಡು ಮಲಗಿದವರು ಬೆಳಗಿನವರೆಗೆ ಎಚ್ಚರಾಗಲಿಲ್ಲ. ಆ ನಿದ್ದೆಯ ಬೆಲೆ ನನಗೆ ಈಗ ತಿಳಿಯಿತು.

ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ತೀರ್ಥಹಳ್ಳಿ ಬಸ್ಸು ಹತ್ತಿದೆ. ಅವನ ಮನೆ ಮುಟ್ಟಿದಾಗ ಅವನ ಅಮ್ಮ ಮಲೆನಾಡಿನ ಪದ್ಧತಿಯಂತೆ ನೀರು, ಬೆಲ್ಲ ತಂದಿಟ್ಟರು. ಅವರೂ ನಾನು ಕೇಳಿರಲಿಲ್ಲ, ಆದರೂ ಕೊಟ್ಟರು. ಲೋಟ ಕೈಯಲ್ಲಿ ಹಿಡಿದೇ ಹೇಳಿದೆ:

“ಏರಿನಲ್ಲಿ ಬಿಸಿಯಾಗುತ್ತಿದ್ದದ್ದು ನನಗೆ ಎರಡು ವರ್ಷದಿಂದ ಗೊತ್ತಿತ್ತು. ನೀನು ಕೇಳಿದಾಗ ಹೇಳಲಿಲ್ಲ. ತಪ್ಪು ನನ್ನದು. ಹದಿನಾಲ್ಕು ಸಾವಿರವನ್ನೂ ತಂದಿದ್ದೇನೆ.”

‘ಪರವಾಗಿಲ್ಲ ಬಿಡಿ’ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಮ್ಮ ಮೆಲ್ಲಗೆ, “ಅವತ್ತು ನಂಗೆ ತುಂಬ ಹೆದರಿಕೆಯಾಗಿತ್ತು ನೋಡಿ” ಎಂದರು. ಅವರ ಮುಖ ನೋಡಲಾಗದೆ ನಾನು ನೆಲ ನೋಡಿದೆ.

ಅವನು ದುಡ್ಡು ಎಣಿಸಿ, ಅರ್ಧವನ್ನು ವಾಪಸ್ ಕೊಟ್ಟ. “ಹಳೇ ಗಾಡಿ ಅಂತ ಗೊತ್ತಿದ್ದೇ ತಗೊಂಡೆ. ನಾನು ಕೇಳಿದ್ದು ಅರ್ಧ, ಅಷ್ಟು ಸಾಕು. ಸೀಟ್ ಬೆಲ್ಟ್ ದಂಡ ನಂದು, ನಾನೇ ಕಟ್ತೀನಿ” ಎಂದ. ಮೊಮ್ಮಗಳು ಅಂಗಳಕ್ಕೆ ಹೋಗಿ ಬೆಳ್ಳಿಯ ಬಾನೆಟ್ ಮೇಲೆ ಕೈಯಿಟ್ಟು ನಿಂತಳು.

ಮರುದಿನ ಅವನು ಶಿವಮೊಗ್ಗಕ್ಕೆ ಬಂದ. ಇಬ್ಬರೂ ಆರ್‌ಟಿಒ ಕಚೇರಿಗೆ ಹೋಗಿ ಫಾರಂ 29, ಫಾರಂ 30 ಕೊಟ್ಟೆವು. ಈ ಸಲ ಪ್ರತಿಗೆ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಲಿಲ್ಲ. ಕೆಲವು ವಾರಗಳಲ್ಲಿ ಬೆಳ್ಳಿ ಅವನ ಹೆಸರಿಗಾಯಿತು.

ನನ್ನ ವಯಸ್ಸಿನವರಿಗೆ ಒಂದು ಕಿವಿಮಾತು. ಗಾಡಿ ಮಾರಿದರೆ ಕೊಟ್ಟ ದಿನ, ಗಂಟೆಯನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಕೊಂಡವರ ಗುರುತಿನ ಚೀಟಿಯ ಪ್ರತಿ, ಸಹಿ ಹಾಕಿದ ಫಾರಂಗಳ ಪ್ರತಿ ಇಟ್ಟುಕೊಳ್ಳಿ. 14 ದಿನ ಕಳೆಯುವ ಮೊದಲೇ ಆರ್‌ಟಿಒಗೆ ತಿಳಿಸಿ. ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ ನೆನಪಿಸಿ. ಇವೆಲ್ಲಕ್ಕಿಂತ ಮೊದಲು, ಗಾಡಿಯ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿ. ಸಾಧ್ಯವಾದರೆ ಅದನ್ನೂ ಕಾಗದದಲ್ಲಿ ಬರೆಯಿರಿ. ನಾನು ಎರಡು ಕಡೆ ಹೇಳಬೇಕಾದ್ದನ್ನು ಹೇಳದೆ ಉಳಿಸಿಕೊಂಡಿದ್ದೆ: ಕಚೇರಿಗೆ ಒಂದು, ಕೊಂಡವನಿಗೆ ಒಂದು. ಎರಡೂ ಹೇಳಿ ಮುಗಿಯುವವರೆಗೆ ಕಾರು ನನ್ನದಾಗಿಯೇ ಇತ್ತು.

ಕಳೆದ ತಿಂಗಳು ಮೊಮ್ಮಗಳು ತನಗೆ ಚಿಕ್ಕದಾದ ಸೈಕಲ್ಲನ್ನು ಎದುರು ಮನೆಯ ಹುಡುಗನಿಗೆ ಮಾರಿದಳು. ಮಾತಾಗಿದ್ದು ಎಂಟುನೂರು ರೂಪಾಯಿಗೆ. ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ.

“ನೋಡೋ, ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯಲ್ಲ. ಇಳಿಜಾರಿಗೆ ಹೋಗೋ ಮೊದಲು ರಿಪೇರಿ ಮಾಡಿಸ್ಕೋ” ಎಂದಳು.

ಹುಡುಗ ಯೋಚಿಸಿ, “ಹಾಗಾದ್ರೆ ಏಳುನೂರು” ಎಂದ.

ಅವಳು ನನ್ನ ಕಡೆ ನೋಡಿದಳು. ನಾನು ಪೇಪರ್ ಮಡಿಸಿಟ್ಟು, ಅವರಿಬ್ಬರಿಗೂ ನೀರು ತರಲು ಒಳಗೆ ಹೋದೆ.